ಸಿರಿವಂತನೂ ಕಾದು ನಿಂತ ಸರದಿ

2021ರ ಮಾರ್ಚ್ ತಿಂಗಳಿನಲ್ಲಿ ಬೆಂಗಳೂರಿನ ನಮ್ಮ ಬಡಾವಣೆಯ ಆರೋಗ್ಯ ಕೇಂದ್ರದಲ್ಲಿ ನಾನು ಕೋವಿಶೀಲ್ಡ್ ಲಸಿಕೆಯ ಮೊದಲ ಡೋಸ್ ಪಡೆದೆ. ಅರವತ್ತು ದಾಟಿದವರಿಗೆ ಆಗಷ್ಟೇ ಅವಕಾಶ ದೊರೆತಿತ್ತು. ಎರಡನೆಯ ಡೋಸಿನ ಸಮಯ ಹತ್ತಿರವಾಗುವಷ್ಟರಲ್ಲಿ ಎರಡನೆಯ ಅಲೆ ನಗರವನ್ನು ಆವರಿಸಿತ್ತು. ಆಸ್ಪತ್ರೆಗಳಲ್ಲಿ ಹಾಸಿಗೆಯಿಲ್ಲ, ಆಮ್ಲಜನಕವಿಲ್ಲ, ಚಿತಾಗಾರಗಳ ಮುಂದೆ ಆಂಬುಲೆನ್ಸ್‌ಗಳ ಸಾಲು. ಮೇ ತಿಂಗಳಲ್ಲಿ ಎರಡು ಡೋಸ್‌ಗಳ ನಡುವಣ ಅಂತರವನ್ನು 12ರಿಂದ 16 ವಾರಗಳಿಗೆ ಹೆಚ್ಚಿಸಲಾಯಿತು. ಆ ದಿನಗಳಲ್ಲಿಯೇ ಭಾರತವು ಲಸಿಕೆಯ ರಫ್ತನ್ನು ಬಹುತೇಕ ನಿಲ್ಲಿಸಿದೆಯೆಂಬ ಸುದ್ದಿ ಓದಿದೆ. ಸತ್ಯ ಹೇಳುವುದಾದರೆ, ಆಗ ನನಗಾದದ್ದು ಸಮಾಧಾನವೇ. ‘ಮನೆಗೆ ಮಾರಿ, ಊರಿಗೆ ಉಪಕಾರಿ’ ಎಂಬ ಗಾದೆ ಅಂದು ಅನೇಕರ ಬಾಯಲ್ಲಿತ್ತು, ನನ್ನ ಬಾಯಲ್ಲಿಯೂ ಇತ್ತು.

ನಾವು ನಿಲ್ಲಿಸಿದ ಆ ಸೀಸೆಗಳಿಗಾಗಿ ಸಮುದ್ರದಾಚೆ ಯಾರು ಕಾಯುತ್ತಿದ್ದಾರೆ ಎಂದು ನಾನು ಆಗ ಯೋಚಿಸಲಿಲ್ಲ. ಕಾಯುತ್ತಿದ್ದವರ ಪರವಾಗಿ ಲಸಿಕೆ ಖರೀದಿಯ ಮಾತುಕತೆ ನಡೆಸುತ್ತಿದ್ದವರು ಜಿಂಬಾಬ್ವೆಯ ಉದ್ಯಮಿ ಸ್ಟ್ರೈವ್ ಮಾಸಿಯಿವಾ. ಆಫ್ರಿಕಾದ ಅತಿ ಸಿರಿವಂತರಲ್ಲಿ ಒಬ್ಬರಾದ ಇವರನ್ನು ಆಫ್ರಿಕನ್ ಒಕ್ಕೂಟವು 2020ರಲ್ಲಿ ಕೋವಿಡ್ ಸಂಬಂಧದ ವಿಶೇಷ ಪ್ರತಿನಿಧಿಯನ್ನಾಗಿ ನೇಮಿಸಿತ್ತು. ಅವರ ಬದುಕನ್ನು ಕುರಿತು ಆಮೇಲೆ ಓದುತ್ತ ಹೋದಂತೆ ನನ್ನ ಅಂದಿನ ಸಮಾಧಾನ ಕರಗಿತು. ಅಷ್ಟೇ ಅಲ್ಲ, ಮೂರೂವರೆ ದಶಕ ಸರ್ಕಾರಿ ಸೇವೆಯಲ್ಲಿದ್ದ ನನಗೆ, ಮರೆತಿದ್ದ ಒಂದು ಹಳೆಯ ಕಡತವೂ ನೆನಪಾಯಿತು.

ಮಾಸಿಯಿವಾ ಹುಟ್ಟಿದ್ದು 1961ರಲ್ಲಿ, ಆಗಿನ್ನೂ ರೊಡೇಷಿಯಾ ಎನಿಸಿಕೊಂಡಿದ್ದ ದೇಶದಲ್ಲಿ. ಅಲ್ಪಸಂಖ್ಯಾತ ಬಿಳಿಯರ ಸರ್ಕಾರವು 1965ರಲ್ಲಿ ಏಕಪಕ್ಷೀಯವಾಗಿ ಸ್ವಾತಂತ್ರ್ಯ ಘೋಷಿಸಿಕೊಂಡ ಬಳಿಕ ಅವರ ಕುಟುಂಬ ನೆರೆಯ ಜಾಂಬಿಯಾದ ಗಣಿ ಪಟ್ಟಣ ಕಿಟ್ವೆಗೆ ವಲಸೆ ಹೋಯಿತು. ಹನ್ನೆರಡರ ಹುಡುಗನಾಗಿದ್ದಾಗ ಸ್ಕಾಟ್ಲೆಂಡಿನ ಶಾಲೆ ಸೇರಿದರು. ಮುಂದೆ ವಿಮೋಚನಾ ಹೋರಾಟಕ್ಕೆ ಸೇರಬೇಕೆಂದು ಆಫ್ರಿಕಾಕ್ಕೆ ಮರಳಿದಾಗ ಹಿರಿಯ ಹೋರಾಟಗಾರರೊಬ್ಬರು, ಯುದ್ಧ ಹೇಗೂ ಗೆದ್ದಂತೆಯೇ, ನಾಳೆ ದೇಶ ಕಟ್ಟಲು ಓದಿದವರು ಬೇಕು ಎಂದು ಹೇಳಿ ತಮ್ಮನ್ನು ಹಿಂದಕ್ಕೆ ಕಳುಹಿಸಿದರೆಂದು ಮಾಸಿಯಿವಾ ಹೇಳಿಕೊಂಡಿದ್ದಾರೆ. ವೇಲ್ಸ್‌ನಲ್ಲಿ ಎಂಜಿನಿಯರಿಂಗ್ ಪದವಿ ಪಡೆದು, 1984ರಲ್ಲಿ ಸ್ವತಂತ್ರ ಜಿಂಬಾಬ್ವೆಗೆ ಮರಳಿ, ಅಲ್ಲಿನ ಸರ್ಕಾರಿ ಅಂಚೆ ಮತ್ತು ದೂರಸಂಪರ್ಕ ನಿಗಮದಲ್ಲಿ ಎಂಜಿನಿಯರ್ ಆದರು. ಕೆಲವೇ ವರ್ಷಗಳಲ್ಲಿ ಆ ಕೆಲಸ ಬಿಟ್ಟು, ತೀರ ಅಲ್ಪ ಬಂಡವಾಳದಲ್ಲಿ ವಿದ್ಯುತ್ ಗುತ್ತಿಗೆಯ ಸಣ್ಣ ಕಂಪನಿಯೊಂದನ್ನು ಆರಂಭಿಸಿದರು. ಅದರ ಹೆಸರು ರೆಟ್ರೊಫಿಟ್.

1993ರಲ್ಲಿ ಅವರು ತಮ್ಮ ಹಳೆಯ ನಿಗಮದ ಮುಂದೆ ಒಂದು ಪ್ರಸ್ತಾವ ಇಟ್ಟರು. ತಂತಿ ಎಳೆದು ಮನೆಮನೆಗೆ ದೂರವಾಣಿ ಕೊಡಲು ಬಡ ದೇಶಕ್ಕೆ ಶಕ್ತಿಯಿಲ್ಲ. ಮೊಬೈಲ್ ಜಾಲವಾದರೆ ಬೇಗ ಹರಡುತ್ತದೆ. ಅದನ್ನು ಸ್ಥಾಪಿಸಲು ತಮಗೆ ಅವಕಾಶ ಕೊಡಿ ಎಂಬುದು ಅವರ ಕೋರಿಕೆ. ನಿಗಮ ಒಪ್ಪಲಿಲ್ಲ. ಕಾನೂನಿನಂತೆ ದೂರಸಂಪರ್ಕ ಸೇವೆಯು ನಿಗಮದ ಏಕಸ್ವಾಮ್ಯವಾಗಿತ್ತು. ತಾನು ಕೊಡದ ಸೇವೆಯನ್ನು ಇನ್ನೊಬ್ಬರು ಕೊಡುವುದನ್ನೂ ತಡೆಯುವ ಅಧಿಕಾರ ಅದಕ್ಕಿತ್ತು. ‘ದೇವರು ಕೊಟ್ಟರೂ ಪೂಜಾರಿ ಕೊಡ’ ಎನ್ನುವುದು ನಮ್ಮ ನಾಡಿನ ಅನುಭವ ಮಾತ್ರವಲ್ಲ.

ಇಲ್ಲಿ ಮಾಸಿಯಿವಾ ಅವರ ವಕೀಲರು ಹಿಡಿದ ದಾರಿ ಗಮನಾರ್ಹ. ವ್ಯಾಪಾರದ ಹಕ್ಕಿನ ಮೇಲೆ ಅವರು ವಾದಿಸಲಿಲ್ಲ. ಜಿಂಬಾಬ್ವೆ ಸಂವಿಧಾನದ 20ನೆಯ ವಿಧಿ ನೀಡಿದ್ದ ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ಆಧಾರವಾಗಿ ಹಿಡಿದರು. ಮಾತನಾಡುವ ಸ್ವಾತಂತ್ರ್ಯವಿದೆ ಎಂದ ಮೇಲೆ ಮಾತು ತಲುಪಿಸುವ ಸಾಧನವೂ ಇರಬೇಕು. ಇರುವ ಒಂದೇ ಸಾಧನವನ್ನು ಸರ್ಕಾರ ತನ್ನ ಕೈಯಲ್ಲಿ ಇಟ್ಟುಕೊಂಡು, ಅದನ್ನು ಬಹುಪಾಲು ಜನರಿಗೆ ಒದಗಿಸಲಾಗದಿದ್ದರೆ, ಅದು ಸ್ವಾತಂತ್ರ್ಯದ ಮೇಲಿನ ನಿರ್ಬಂಧವೇ ಆಗುತ್ತದೆ. ಮುಖ್ಯ ನ್ಯಾಯಮೂರ್ತಿ ಆಂಥೊನಿ ಗಬ್ಬೇ ನೇತೃತ್ವದ ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ಈ ವಾದವನ್ನು ಎತ್ತಿಹಿಡಿಯಿತು.

ಅದೇ 1995ರ ಫೆಬ್ರುವರಿಯಲ್ಲಿ ನಮ್ಮ ಸುಪ್ರೀಂ ಕೋರ್ಟ್, ಬಂಗಾಳದ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ, ಪ್ರಸಾರದ ತರಂಗಗಳು ಸಾರ್ವಜನಿಕ ಸ್ವತ್ತು, ಅವು ಸರ್ಕಾರದ ಏಕಸ್ವಾಮ್ಯವಲ್ಲ ಎಂದು ತೀರ್ಪಿತ್ತಿತ್ತು. ಆಧಾರವಾಗಿದ್ದುದು ನಮ್ಮ ಸಂವಿಧಾನದ 19ನೆಯ ವಿಧಿಯ ವಾಕ್ ಸ್ವಾತಂತ್ರ್ಯ. ಎರಡೂ ದೇಶಗಳು ಬ್ರಿಟಿಷರಿಂದ ಪಡೆದುಕೊಂಡ ಕಾನೂನು ಒಂದೇ ಬಗೆಯದು: ತಂತಿ ಸರ್ಕಾರದ್ದು, ಪ್ರಜೆ ಅರ್ಜಿದಾರ. ಒಂದೇ ವರ್ಷದಲ್ಲಿ ಎರಡು ಖಂಡಗಳ ಎರಡು ನ್ಯಾಯಾಲಯಗಳು ಆ ನಂಬಿಕೆಯನ್ನು ಅಲುಗಿಸಿದವು. ಅದೇ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕಲ್ಕತ್ತೆಯಿಂದ ಕೇಂದ್ರ ಸಚಿವ ಸುಖ್ ರಾಮ್ ಅವರಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದರು.

ಆದರೆ ಹರಾರೆಯಲ್ಲಿ ಮಾಸಿಯಿವಾ ಅವರ ಜಾಲದಿಂದ ಕರೆ ಹೋಗಲು ಇನ್ನೂ ಮೂರು ವರ್ಷ ಬೇಕಾಯಿತು. ತೀರ್ಪು ಬಂದ ಮೇಲೆ ಅಧ್ಯಕ್ಷ ರಾಬರ್ಟ್ ಮುಗಾಬೆ 1996ರಲ್ಲಿ ವಿಶೇಷಾಧಿಕಾರ ಬಳಸಿ ಹೊಸ ನಿಯಮ ತಂದರು. ಪರವಾನಗಿಯಿಲ್ಲದೆ ಜಾಲ ನಡೆಸಿದರೆ ಜೈಲು. ಪರವಾನಗಿ ಕೊಡುವ ಹಂತದಲ್ಲಿ ಸರ್ಕಾರ ಬೇರೊಂದು ಕೂಟಕ್ಕೆ ಒಲಿಯಿತು. ಮತ್ತೆ ಮೊಕದ್ದಮೆ, ಮತ್ತೆ ಮೇಲ್ಮನವಿ. ಈ ನಡುವೆ ಸರ್ಕಾರಿ ಗುತ್ತಿಗೆಗಳು ಕೈತಪ್ಪಿ ಅವರ ಮೊದಲ ಉದ್ಯಮವೇ ಸೊರಗಿತು. ಕೊನೆಗೂ ಪರವಾನಗಿ ಕೈಸೇರಿ ‘ಇಕೊನೆಟ್’ ಸೇವೆ ಆರಂಭವಾದದ್ದು 1998ರ ಜುಲೈನಲ್ಲಿ. ಒಂದು ಅನುಮತಿಗೆ ಐದು ವರ್ಷ.

ನನಗೆ ನೆನಪಾದ ಕಡತದ ಸಂಗತಿಯನ್ನು ಇಲ್ಲಿ ಹೇಳಬೇಕು. ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ನಾನು ಇಲಾಖೆಯೊಂದರಲ್ಲಿ ಅಧೀನ ಕಾರ್ಯದರ್ಶಿಯಾಗಿದ್ದೆ. ಸಣ್ಣ ಪಟ್ಟಣವೊಂದರ ಯುವಕ, ತರಕಾರಿ ಬೆಳೆಗಾರರಿಗಾಗಿ ಶೈತ್ಯಾಗಾರ ಕಟ್ಟಲು ಅನುಮತಿ ಕೋರಿ ಅರ್ಜಿ ಸಲ್ಲಿಸಿದ್ದ. ಕಡತ ನನ್ನ ಮೇಜಿಗೆ ಬಂದಾಗಲೆಲ್ಲ ನಾನು ಏನಾದರೊಂದು ಷರಾ ಬರೆದು ಕೆಳಗಿಳಿಸುತ್ತಿದ್ದೆ. ಒಮ್ಮೆ ‘ಚರ್ಚಿಸಿ’, ಇನ್ನೊಮ್ಮೆ ‘ಪೂರ್ವ ನಿದರ್ಶನಗಳೊಡನೆ ಮಂಡಿಸಿ’, ಮತ್ತೊಮ್ಮೆ ‘ಸಂಬಂಧಪಟ್ಟ ಇಲಾಖೆಯ ಅಭಿಪ್ರಾಯ ಪಡೆಯಿರಿ’. ಲಂಚದ ಆಸೆ ನನಗಿರಲಿಲ್ಲ, ದ್ವೇಷವೂ ಇರಲಿಲ್ಲ. ‘ಇಲ್ಲ’ ಎಂದರೆ ಯಾರೂ ಪ್ರಶ್ನಿಸುವುದಿಲ್ಲ, ‘ಆಗಲಿ’ ಎಂದರೆ ನಾಳೆ ಲೆಕ್ಕಪರಿಶೋಧಕರು ಪ್ರಶ್ನಿಸಬಹುದು ಎಂಬ ಎಚ್ಚರಿಕೆಯೊಂದೇ ಇತ್ತು. ಎರಡು ವರ್ಷಗಳ ಬಳಿಕ ಆತ ಬರುವುದನ್ನು ನಿಲ್ಲಿಸಿದ. ‘ಅರ್ಜಿದಾರರು ಆಸಕ್ತಿ ತೋರದಿರುವುದರಿಂದ ಕಡತವನ್ನು ಮುಕ್ತಾಯಗೊಳಿಸಬಹುದು’ ಎಂಬ ಟಿಪ್ಪಣಿಯ ಕೆಳಗೆ ಸಹಿ ಮಾಡಿದ್ದು ನಾನೇ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅರ್ಥಶಾಸ್ತ್ರ ಓದುವಾಗ ದೂರವಾಣಿಯು ‘ಸಹಜ ಏಕಸ್ವಾಮ್ಯ’ಕ್ಕೆ ಉದಾಹರಣೆಯಾಗಿತ್ತು. ಒಂದೇ ಊರಿಗೆ ಎರಡು ಕಂಪನಿಗಳು ಎರಡೆರಡು ತಂತಿ ಎಳೆಯುವುದು ದುಂದು, ಆದ್ದರಿಂದ ಒಂದೇ ಸಂಸ್ಥೆ ಇರಬೇಕು, ಅದು ಸರ್ಕಾರದ್ದಾಗಿರುವುದು ಲೇಸು ಎಂಬ ತರ್ಕ. ತಂತಿಯ ಕಾಲಕ್ಕೆ ಅದು ಸರಿಯಾಗಿಯೇ ಇತ್ತು. ತಂತ್ರಜ್ಞಾನ ಬದಲಾದ ಮೇಲೂ ತರ್ಕ ಬದಲಾಗಲಿಲ್ಲ. ಏಕೆಂದರೆ ಅಷ್ಟರಲ್ಲಿ ಅದು ಅರ್ಥಶಾಸ್ತ್ರದ ವಾದವಾಗಿ ಉಳಿದಿರಲಿಲ್ಲ, ಅಧಿಕಾರದ ಅಭ್ಯಾಸವಾಗಿತ್ತು. ನಾನು ಸಹ ಆ ಅಭ್ಯಾಸದ ಒಬ್ಬ ಗುಮಾಸ್ತನಾಗಿದ್ದೆ.

ಅನುಮತಿ ದೊರೆತ ಮೇಲೆ ಮಾಸಿಯಿವಾ ಅವರ ಉದ್ಯಮ ವೇಗವಾಗಿ ಬೆಳೆಯಿತು. ಬೋಟ್ಸ್‌ವಾನಾ, ನೈಜೀರಿಯಾ ಮೊದಲಾದ ದೇಶಗಳಿಗೆ ಹಬ್ಬಿತು. ನೈಜೀರಿಯಾದಲ್ಲಿ 2001ರಲ್ಲಿ ಇಕೊನೆಟ್ ಹೆಸರಿನಿಂದ ಆರಂಭವಾದ ಜಾಲವು ಪಾಲುದಾರರ ಕಲಹದಲ್ಲಿ ಅವರ ಕೈಬಿಟ್ಟು, ಹಲವು ಹೆಸರುಗಳನ್ನು ದಾಟಿ, 2010ರಲ್ಲಿ ಭಾರತದ ಭಾರ್ತಿ ಸಂಸ್ಥೆಯ ಪಾಲಾಗಿ ಏರ್‌ಟೆಲ್ ಆಯಿತು. ಮಾಸಿಯಿವಾ 2000ದಲ್ಲಿ ಸ್ವದೇಶ ತೊರೆದು ಮೊದಲು ದಕ್ಷಿಣ ಆಫ್ರಿಕಾದಲ್ಲಿ, ಬಳಿಕ ಲಂಡನ್ನಿನಲ್ಲಿ ನೆಲೆಸಿದರು. ಅನಾಥ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಪತ್ನಿ ಟ್ಸಿಟ್ಸಿಯವರೊಡನೆ 1996ರಲ್ಲೇ, ಅಂದರೆ ಮೊಕದ್ದಮೆಯ ನಡುವೆಯೇ, ಪ್ರತಿಷ್ಠಾನವೊಂದನ್ನು ಆರಂಭಿಸಿದ್ದರು.

ಅವರ ರಾಯಭಾರದ ಕೆಲಸ ಶುರುವಾದದ್ದು ರೋಗಗಳಿಂದ. 2014ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ ಹರಡಿದಾಗ, ಆಫ್ರಿಕಾದ ಉದ್ಯಮಿಗಳಿಂದ ಹಣ ಸಂಗ್ರಹಿಸುವ ನಿಧಿಯನ್ನು ಕಟ್ಟುವ ಹೊಣೆಯನ್ನು ಆಫ್ರಿಕನ್ ಒಕ್ಕೂಟ ಅವರಿಗೆ ವಹಿಸಿತು. ಒಕ್ಕೂಟದ ಕಾರ್ಯಾಚರಣೆಯಲ್ಲಿ ಆಫ್ರಿಕಾದ ಬೇರೆ ಬೇರೆ ದೇಶಗಳ 800ಕ್ಕೂ ಹೆಚ್ಚು ಆರೋಗ್ಯ ಕಾರ್ಯಕರ್ತರು ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್‌ಗಳಿಗೆ ಹೋದರು. ಆರು ವರ್ಷಗಳ ಬಳಿಕ ಕೋವಿಡ್ ಬಂದಾಗ, ಒಕ್ಕೂಟದ ಆಗಿನ ಅಧ್ಯಕ್ಷ, ದಕ್ಷಿಣ ಆಫ್ರಿಕಾದ ಸಿರಿಲ್ ರಾಮಫೋಸಾ ಮತ್ತೆ ಅವರನ್ನೇ ಕರೆದರು.

2020ರ ಜೂನ್ ಹೊತ್ತಿಗೆ, ಮಾಸ್ಕ್, ಪರೀಕ್ಷಾ ಕಿಟ್, ವೆಂಟಿಲೇಟರ್‌ಗಳನ್ನು ಎಲ್ಲ ದೇಶಗಳೂ ಒಟ್ಟಾಗಿ ಕೊಳ್ಳಬಲ್ಲ ಆನ್‌ಲೈನ್ ಮಾರುಕಟ್ಟೆಯೊಂದು ಸಿದ್ಧವಾಯಿತು. ಸಣ್ಣ ದೇಶವೊಂದು ಹತ್ತು ಸಾವಿರ ಕಿಟ್ ಕೇಳಿದರೆ ತಯಾರಕ ಉತ್ತರಿಸುವುದಿಲ್ಲ. 55 ಸದಸ್ಯರ ಒಕ್ಕೂಟ ಒಂದೇ ಆದೇಶ ಕೊಟ್ಟರೆ ಕುರ್ಚಿ ಕೊಟ್ಟು ಕೂರಿಸುತ್ತಾನೆ. ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಲಸಿಕೆಗೂ ಇದೇ ಮಾರ್ಗ. ಆಫ್ರಿಕನ್ ರಫ್ತು-ಆಮದು ಬ್ಯಾಂಕು 200 ಕೋಟಿ ಡಾಲರ್‌ವರೆಗೆ ಖಾತರಿ ನೀಡಿತು. 2021ರ ಜನವರಿಯಲ್ಲಿ 27 ಕೋಟಿ ಡೋಸ್‌ಗಳು ತಾತ್ಕಾಲಿಕವಾಗಿ ಖಚಿತವಾಗಿವೆ ಎಂದು ರಾಮಫೋಸಾ ಪ್ರಕಟಿಸಿದರು. ಅದರಲ್ಲಿ ಒಂದು ಭಾಗ ಪುಣೆಯ ಸೀರಂ ಇನ್‌ಸ್ಟಿಟ್ಯೂಟಿನಿಂದ ಬರಬೇಕಿತ್ತು. ಬಡ ದೇಶಗಳಿಗಾಗಿ ರಚಿತವಾಗಿದ್ದ ಅಂತರರಾಷ್ಟ್ರೀಯ ‘ಕೊವ್ಯಾಕ್ಸ್’ ವ್ಯವಸ್ಥೆಯೂ ಬಹುವಾಗಿ ನೆಚ್ಚಿಕೊಂಡಿದ್ದುದು ಪುಣೆಯನ್ನೇ.

ಮಾಸಿಯಿವಾ ಆ ದಿನಗಳಲ್ಲಿ ವೇದಿಕೆಯಿಂದ ವೇದಿಕೆಗೆ ಹೇಳುತ್ತ ಹೋದ ಮಾತಿನ ಸಾರ ಇಷ್ಟು: ನಾವು ದಾನ ಕೇಳುತ್ತಿಲ್ಲ, ಹಣ ತಂದಿದ್ದೇವೆ, ಕೊಳ್ಳಲು ಬಿಡಿ. ಇದು ಅವರ ಹಳೆಯ ಮೊಕದ್ದಮೆಯ ವಾದವೇ ಎಂದು ನನಗನಿಸುತ್ತದೆ. ಅಂದು ಅವರು ಸರ್ಕಾರದಿಂದ ಸಹಾಯಧನ ಬೇಡಿರಲಿಲ್ಲ, ಅಡ್ಡ ನಿಲ್ಲಬೇಡಿ ಎಂದಿದ್ದರು. ಆದರೆ ಶ್ರೀಮಂತ ದೇಶಗಳು ತಮ್ಮ ಜನಸಂಖ್ಯೆಯ ಹಲವು ಪಟ್ಟು ಲಸಿಕೆಯನ್ನು ಮುಂಗಡ ಕಾಯ್ದಿರಿಸಿಕೊಂಡಿದ್ದವು. ಕೈಯಲ್ಲಿ ಹಣವಿದ್ದರೂ ಸರದಿಯಲ್ಲಿ ಜಾಗವಿರಲಿಲ್ಲ. ಬೇಡುವವನಿಗೆ ಕರುಣೆಯಾದರೂ ಸಿಗಬಹುದು. ಬೆಲೆ ತೆತ್ತು ಕೊಳ್ಳುತ್ತೇನೆಂದು ಬಂದವನನ್ನು ಬಾಗಿಲಲ್ಲಿ ನಿಲ್ಲಿಸಿದರೆ ಅದು ಅವಮಾನ.

ಆ ಬಾಗಿಲುಗಳಲ್ಲಿ ಒಂದು ನಮ್ಮದು ಎಂಬುದೇ ನನ್ನನ್ನು ಇಂದಿಗೂ ಕಾಡುವ ವಿಷಯ. 2020ರ ಅಕ್ಟೋಬರ್‌ನಲ್ಲಿ ವಿಶ್ವ ವಾಣಿಜ್ಯ ಸಂಸ್ಥೆಯ ಮುಂದೆ, ಕೋವಿಡ್ ಮುಗಿಯುವವರೆಗೆ ಔಷಧ ಪೇಟೆಂಟ್‌ಗಳ ಬಿಗಿ ಸಡಿಲಿಸಬೇಕೆಂದು ಪ್ರಸ್ತಾವ ಮಂಡಿಸಿದ ಎರಡು ದೇಶಗಳು ಭಾರತ ಮತ್ತು ದಕ್ಷಿಣ ಆಫ್ರಿಕಾ. ಬಡ ರಾಷ್ಟ್ರಗಳ ಪರ ಧ್ವನಿ ಎತ್ತಿದ ನಾವೇ ಆರು ತಿಂಗಳು ಕಳೆಯುವಷ್ಟರಲ್ಲಿ ಹಡಗು ತಡೆದೆವು. ಕೊವ್ಯಾಕ್ಸ್‌ಗೆ ಭಾರತದ ರಫ್ತು ಮತ್ತೆ ಆರಂಭವಾದದ್ದು 2021ರ ನವೆಂಬರ್ ಕೊನೆಯಲ್ಲಿ.

ಹಾಗಾದರೆ ಏಪ್ರಿಲ್‌ನಲ್ಲಿ ನಾವು ಕಳುಹಿಸಬೇಕಿತ್ತೆ? ಬೀದಿಬೀದಿಯಲ್ಲಿ ಸಾವು ನಡೆದಿರುವಾಗ ಯಾವ ಸರ್ಕಾರವಾದರೂ ಲಸಿಕೆಯನ್ನು ವಿಮಾನಕ್ಕೆ ಏರಿಸುತ್ತಿತ್ತೆ? ಆ ಕುರ್ಚಿಯಲ್ಲಿ ನಾನಿದ್ದರೂ ಏಪ್ರಿಲ್ ತಿಂಗಳಲ್ಲಿ ತಡೆಯುವ ಟಿಪ್ಪಣಿಯನ್ನೇ ಬರೆಯುತ್ತಿದ್ದೆನೇನೋ. ನನ್ನ ಆಕ್ಷೇಪ ಆ ತುರ್ತಿನ ತಿಂಗಳುಗಳ ಬಗ್ಗೆ ಅಲ್ಲ. ತಡೆಗೆ ಕೊನೆಯ ದಿನಾಂಕ ಇರಲಿಲ್ಲ, ಇಂತಿಷ್ಟು ನಮಗೆ, ಇಂತಿಷ್ಟು ಒಪ್ಪಂದದವರಿಗೆ ಎಂಬ ಪ್ರಕಟಿತ ಲೆಕ್ಕವಿರಲಿಲ್ಲ, ಕಾಯುತ್ತಿದ್ದವರಿಗೆ ಒಂದು ವೇಳಾಪಟ್ಟಿಯಿರಲಿಲ್ಲ. ಅದು ‘ಇಲ್ಲ’ ಎಂಬ ಉತ್ತರವೂ ಆಗಿರಲಿಲ್ಲ. ನಾನು ಶೈತ್ಯಾಗಾರದ ಕಡತದ ಮೇಲೆ ಬರೆದ ‘ಚರ್ಚಿಸಿ’ ಎಂಬ ಷರಾದಂತೆಯೇ ಇತ್ತು.

ಈ ನಡುವೆ ಒಕ್ಕೂಟವು ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯೊಡನೆ 22 ಕೋಟಿ ಡೋಸ್‌ಗಳಿಗೆ, ಬೇಕಾದರೆ ಮತ್ತೆ 18 ಕೋಟಿಗೆ ಒಪ್ಪಂದ ಮಾಡಿಕೊಂಡಿತು. ಅದನ್ನು ಸೀಸೆಗೆ ತುಂಬುತ್ತಿದ್ದುದು ದಕ್ಷಿಣ ಆಫ್ರಿಕಾದ ಗೆಬೆರ್ಹಾ ನಗರದ ಆಸ್ಪೆನ್ ಕಾರ್ಖಾನೆ. ಹಿಂದೆ ಪೋರ್ಟ್ ಎಲಿಜಬೆತ್ ಎಂದು ಕರೆಯುತ್ತಿದ್ದ ಊರು ಅದು. ಆದರೆ ಆ ಕಾರ್ಖಾನೆಯಲ್ಲಿ ತುಂಬಿದ ಲಸಿಕೆ ಯೂರೋಪಿಗೆ ಸಾಗುತ್ತಿರುವುದು 2021ರ ಆಗಸ್ಟ್‌ನಲ್ಲಿ ಬಯಲಾಯಿತು. ಜನಸಂಖ್ಯೆಯ ಬಹುಪಾಲಿಗೆ ಆಗಲೇ ಲಸಿಕೆ ಹಾಕಿಸಿದ್ದ ಖಂಡಕ್ಕೆ, ಶೇಕಡಾ 3ರಷ್ಟೋ 4ರಷ್ಟೋ ಮಂದಿಗೆ ಮಾತ್ರ ಲಸಿಕೆ ಸಿಕ್ಕಿದ್ದ ಖಂಡದಿಂದ ರಫ್ತು! ಮಾಸಿಯಿವಾ ಯೂರೋಪಿಯನ್ ಒಕ್ಕೂಟದೊಡನೆ ಮಾತುಕತೆ ನಡೆಸಿ ಆ ಹರಿವನ್ನು ನಿಲ್ಲಿಸಿದರು. ಆಫ್ರಿಕಾದಲ್ಲಿ ತಯಾರಾದುದು ಆಫ್ರಿಕಾಕ್ಕೇ ಎಂದು ಸೆಪ್ಟೆಂಬರ್ ಆರಂಭದಲ್ಲಿ ತೀರ್ಮಾನವಾಯಿತು. ಆಸ್ಪೆನ್ ಬರಿಯ ಗುತ್ತಿಗೆದಾರನಾಗಿ ಉಳಿಯದೆ, ಪರವಾನಗಿ ಪಡೆದು ತನ್ನದೇ ಹೆಸರಿನಲ್ಲಿ ಲಸಿಕೆ ಮಾರುವ ದಾರಿಯೂ ತೆರೆಯಿತು.

ಆ ಪರವಾನಗಿಯ ಒಪ್ಪಂದಕ್ಕೆ ಸಹಿ ಬಿದ್ದದ್ದು 2022ರ ಮಾರ್ಚ್‌ನಲ್ಲಿ. ಅಷ್ಟರಲ್ಲಿ ಜಗತ್ತಿನಲ್ಲಿ ಲಸಿಕೆ ಹೇರಳವಾಗಿತ್ತು, ಜನರ ಭಯ ಇಳಿದಿತ್ತು. ಆಸ್ಪೆನ್‌ನ ಲಸಿಕೆಗೆ ಒಂದು ಆದೇಶವೂ ಬರಲಿಲ್ಲ. ಬೇಕಾದಾಗ ಕಾರ್ಖಾನೆಗೆ ಹಕ್ಕಿರಲಿಲ್ಲ, ಹಕ್ಕು ಬಂದಾಗ ಕೊಳ್ಳುವವರಿರಲಿಲ್ಲ. ತಡವಾಗಿ ಕೊಟ್ಟ ಅನುಮತಿಯನ್ನು ಲೆಕ್ಕದ ಪುಸ್ತಕದಲ್ಲಿ ‘ಮಂಜೂರು’ ಎಂದು ಬರೆಯುತ್ತೇವೆ. ಪಡೆದವನ ಪಾಲಿಗೆ ಅದು ನಿರಾಕರಣೆಯೇ.

ಮಾಸಿಯಿವಾ ಅವರನ್ನು ದೇವರ ಪಟದಂತೆ ಗೋಡೆಗೆ ತೂಗುಹಾಕುವ ಉದ್ದೇಶ ನನಗಿಲ್ಲ. ಯಾವ ಮತದಾರನೂ ಆರಿಸದ ಶ್ರೀಮಂತನೊಬ್ಬ ಇಡೀ ಖಂಡದ ಪರವಾಗಿ ಮಾತನಾಡುವುದು ಪ್ರಜಾಪ್ರಭುತ್ವಕ್ಕೆ ಶೋಭೆಯೆ ಎಂಬ ಪ್ರಶ್ನೆ ನ್ಯಾಯವಾದದ್ದು. ಸರ್ಕಾರಗಳು ಸಮರ್ಥವಾಗಿದ್ದಿದ್ದರೆ ಉದ್ಯಮಿಯನ್ನು ಕರೆಯುವ ಅಗತ್ಯವೇ ಬೀಳುತ್ತಿರಲಿಲ್ಲ. ಮತ್ತೊಂದು ಕಹಿ ಸಂಗತಿಯೂ ಉಂಟು. 2019ರ ಜನವರಿಯಲ್ಲಿ ಇಂಧನ ಬೆಲೆಯೇರಿಕೆಯ ವಿರುದ್ಧ ಜಿಂಬಾಬ್ವೆಯ ಜನ ಬೀದಿಗಿಳಿದಾಗ ಸರ್ಕಾರ ಇಂಟರ್‌ನೆಟ್ ಸ್ಥಗಿತಗೊಳಿಸಲು ಆದೇಶಿಸಿತು. ಇಕೊನೆಟ್ ಪಾಲಿಸಿತು. ಪಾಲಿಸದಿದ್ದರೆ ತಮ್ಮ ಅಧಿಕಾರಿಗಳು ಕೂಡಲೇ ಜೈಲು ಸೇರುತ್ತಿದ್ದರು ಎಂದು ಮಾಸಿಯಿವಾ ವಿವರಣೆ ಕೊಟ್ಟರು. ಅಭಿವ್ಯಕ್ತಿ ಸ್ವಾತಂತ್ರ್ಯದ ಹೆಸರಿನಲ್ಲಿ ಹುಟ್ಟಿದ ಜಾಲವೇ ಸರ್ಕಾರದ ಮಾತಿಗೆ ಬಾಯಿ ಮುಚ್ಚಿತು.

ಆ ಆದೇಶ ಕಾನೂನುಬಾಹಿರ, ಸಂಬಂಧಪಟ್ಟ ಸಚಿವರಿಗೆ ಅದನ್ನು ಹೊರಡಿಸುವ ಅಧಿಕಾರವೇ ಇರಲಿಲ್ಲ ಎಂದು ಕೆಲವೇ ದಿನಗಳಲ್ಲಿ ಹೇಳಿದ್ದು ಹರಾರೆಯ ಹೈಕೋರ್ಟ್. ಸಂಪತ್ತು ತಲೆಬಾಗಿದ ಕಡೆ ನಿಂತು ಮಾತನಾಡಿದ್ದು ಒಂದು ಸಂಸ್ಥೆ. 1995ರಲ್ಲಿಯೂ ಹಾಗೆಯೇ ಆಗಿತ್ತು. ಅಂದಿನ ಮುಖ್ಯ ನ್ಯಾಯಮೂರ್ತಿ ಗಬ್ಬೇ ಅದರ ಬೆಲೆಯನ್ನೂ ತೆತ್ತರು. 2000ದ ನವೆಂಬರ್‌ನಲ್ಲಿ ಆಡಳಿತ ಪಕ್ಷದ ಬೆಂಬಲಿಗರು ನ್ಯಾಯಾಲಯಕ್ಕೇ ನುಗ್ಗಿದರು. ಮರುವರ್ಷ ಅವರು ಅವಧಿಗೆ ಮುನ್ನವೇ ಹುದ್ದೆ ಬಿಡಬೇಕಾಯಿತು. ಮಾಸಿಯಿವಾ ಅವರ ಕೋಟ್ಯಂತರ ಡಾಲರ್‌ಗಳ ಕತೆ ಎಲ್ಲರಿಗೂ ಗೊತ್ತು. ಆ ಕೋಟಿಗಳಿಗೆ ಬಾಗಿಲು ತೆರೆದ ನ್ಯಾಯಮೂರ್ತಿಯ ಹೆಸರು ಕೆಲವರಿಗಷ್ಟೇ ಗೊತ್ತು.

ಮಾಸಿಯಿವಾ ಅವರ ಬದುಕಿನಿಂದ ನಾನು ಕಲಿತ ಪಾಠ ಇದು. ಹಣಕ್ಕೆ ಬಹಳಷ್ಟನ್ನು ಕೊಳ್ಳುವ ಶಕ್ತಿಯಿದೆ. ಆದರೆ ಅನುಮತಿಯನ್ನೂ ಸರದಿಯಲ್ಲಿನ ಸ್ಥಾನವನ್ನೂ ಪ್ರಾಮಾಣಿಕವಾಗಿ ಪಡೆಯಬೇಕಾದರೆ ಹಣ ಸಾಲದು, ನ್ಯಾಯವಾದ ನಿಯಮ ಮತ್ತು ಅದನ್ನು ಸಕಾಲದಲ್ಲಿ ಪಾಲಿಸುವ ಮನುಷ್ಯರು ಬೇಕು. ಸುಪ್ರೀಂ ಕೋರ್ಟಿನವರೆಗೆ ಐದು ವರ್ಷ ಹೋರಾಡುವ ಕಸುವು ಇದ್ದ ಒಬ್ಬ ಮಾಸಿಯಿವಾ ಗೆದ್ದರು. ಆ ಕಸುವು ಇಲ್ಲದವರು ಬರುವುದನ್ನು ನಿಲ್ಲಿಸುತ್ತಾರೆ, ನಾವು ‘ಆಸಕ್ತಿ ತೋರಿಲ್ಲ’ ಎಂದು ಬರೆದುಕೊಳ್ಳುತ್ತೇವೆ.

ಮುಂದಿನ ಮಹಾಮಾರಿ ಯಾವಾಗ ಬರುವುದೋ ಯಾರೂ ಹೇಳಲಾರರು. ಜಗತ್ತಿನ ಲಸಿಕೆಯ ದೊಡ್ಡ ಪಾಲನ್ನು ತಯಾರಿಸುವ ದೇಶ ನಮ್ಮದು. ತುರ್ತಿನ ಕಾಲದಲ್ಲಿ ನಮ್ಮ ಜನರಿಗೆ ಎಷ್ಟು, ಹಣ ತೆತ್ತು ಕಾದವರಿಗೆ ಎಷ್ಟು, ತಡೆ ಎಷ್ಟು ದಿನ ಎಂಬುದನ್ನು ರೋಗ ಬರುವ ಮೊದಲೇ ನಿಯಮವಾಗಿ ಬರೆದು ಪ್ರಕಟಿಸಲು ಅಡ್ಡಿಯೇನಿಲ್ಲ. ಕಷ್ಟಕಾಲದಲ್ಲಿ ಬರೆಯುವ ಟಿಪ್ಪಣಿಗೆ ಭಯವೇ ಬರಹಗಾರ ಎಂಬುದನ್ನು ನಾನು ಅನುಭವದಿಂದ ಬಲ್ಲೆ. ಆ ಶೈತ್ಯಾಗಾರದ ಯುವಕನಿಗೆ ಈಗ ಐವತ್ತೈದು ದಾಟಿರಬೇಕು. ಎಲ್ಲಾದರೂ ಎದುರಾದರೆ ಕ್ಷಮೆ ಕೇಳೋಣವೆಂದುಕೊಂಡಿದ್ದೇನೆ. ಆದರೆ ಅವನ ಮುಖ ನನಗೆ ನೆನಪಿಲ್ಲ, ಕಡತದ ಬಣ್ಣ ಮಾತ್ರ ನೆನಪಿದೆ.